ಕಿರುತಟ್ಟೆಗಳ ಎಣಿಕೆ ಮತ್ತು ಕಾರ್ಯಕ್ಷಮತೆ: ಪರೀಕ್ಷಾ ವಿಧಾನಗಳ ತುಲನೆ

ಪೀಠಿಕೆ

ಡೆಂಗಿ ಜ್ವರದ ದಿನಗಳಲ್ಲಿ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಪಾಠದಲ್ಲಿ ಓದಿದ ಕಿರುತಟ್ಟೆಯೇ ಈ ಪ್ಲೇಟ್‌ಲೆಟ್ ಎಂಬುದು ಗಡಿನಾಡಿನ ಅನೇಕ ಮಕ್ಕಳಿಗೆ ಹೊಳೆಯುವುದಿಲ್ಲ. ಪಾಠ ಕನ್ನಡದಲ್ಲಿ, ವೈದ್ಯರ ಮಾತು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ, ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿ. ಈ ಹೆಸರುಗಳನ್ನು ಜೋಡಿಸಿಕೊಡುವುದು ಶಿಕ್ಷಕರ ಮೊದಲ ಕೆಲಸ. ಎಣಿಕೆ ಸರಿಯಿದ್ದ ಮಾತ್ರಕ್ಕೆ ಕಾರ್ಯವೂ ಸರಿಯಿದೆಯೆಂದು ಹೇಳಲಾಗದು ಎಂಬುದನ್ನು ಮನಗಾಣಿಸುವುದು ಎರಡನೆಯ, ಇನ್ನೂ ಮುಖ್ಯವಾದ ಕೆಲಸ.

ವಿಷಯ ವಿವರಣೆ

ಕಿರುತಟ್ಟೆಗಳು ಅಸ್ಥಿಮಜ್ಜೆಯ ದೊಡ್ಡ ಕೋಶಗಳಿಂದ ಒಡೆದು ಬಂದ ತುಣುಕುಗಳು. ಅವುಗಳಿಗೆ ಕೋಶಕೇಂದ್ರವಿಲ್ಲ, ಅಡ್ಡಳತೆ ಸುಮಾರು 2ರಿಂದ 3 ಮೈಕ್ರೊಮೀಟರ್, ಆಯುಸ್ಸು 7ರಿಂದ 10 ದಿನ. ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದಷ್ಟಿರುತ್ತವೆ. ರಕ್ತನಾಳಕ್ಕೆ ಗಾಯವಾದಾಗ ಅವು ಗಾಯದ ಅಂಚಿಗೆ ಅಂಟಿಕೊಳ್ಳುತ್ತವೆ, ಪ್ರಚೋದಕ ದ್ರವ್ಯಗಳನ್ನು ಸ್ರವಿಸುತ್ತವೆ, ಒಂದನ್ನೊಂದು ಹಿಡಿದು ಬಿರಡೆಯಾಗುತ್ತವೆ. ಈ ಮೂರು ಹಂತಗಳಲ್ಲಿ ಯಾವುದು ಕೆಟ್ಟರೂ ರಕ್ತಸ್ರಾವ ಬೇಗ ನಿಲ್ಲದು. ಅದನ್ನು ಎಣಿಕೆ ತೋರಿಸಲಾರದು.

ರಕ್ತಸ್ರಾವ ಕಾಲ: ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್ 1910ರಲ್ಲಿ ಪ್ರಚುರಪಡಿಸಿದ ವಿಧಾನವಿದು. ಕಿವಿಯ ಹಾಲೆಗೆ ಚಿಕ್ಕ ಗಾಯ ಮಾಡಿ, ರಕ್ತ ನಿಲ್ಲಲು ಹಿಡಿಯುವ ಕಾಲವನ್ನು ಅಳೆಯುತ್ತಿದ್ದರು. ಉಪಕರಣ ಬೇಡ, ಆದರೆ ಗಾಯದ ಆಳ, ಚರ್ಮದ ಗುಣ, ಮಾಡುವವರ ಕೈ ಇವುಗಳಿಗೆ ತಕ್ಕಂತೆ ಫಲಿತಾಂಶ ಬದಲಾಗುತ್ತದೆ. ಆದ್ದರಿಂದ ಇದರ ಬಳಕೆ ಬಹಳಮಟ್ಟಿಗೆ ಹಿಂದೆ ಸರಿದಿದೆ.

ಬೆಳಕಿನ ವಿಧಾನ: ಗುಸ್ತಾವ್ ಬಾರ್ನ್ 1962ರಲ್ಲಿ ಇದನ್ನು ಪ್ರಕಟಿಸಿದರು. ಇವರ ತಂದೆ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರು. ಸಿಟ್ರೇಟ್ ಬೆರೆಸಿದ ರಕ್ತವನ್ನು ಮೆಲ್ಲಗೆ ತಿರುಗಿಸಿ, ಕಿರುತಟ್ಟೆಗಳು ತುಂಬಿದ ಮಬ್ಬಾದ ಪ್ಲಾಸ್ಮಾವನ್ನು ಪಡೆಯುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತಾ ಅದಕ್ಕೆ ಎಡಿಪಿ, ಕೊಲಾಜೆನ್ ಮೊದಲಾದ ಪ್ರಚೋದಕಗಳನ್ನು ಒಂದೊಂದು ಕೊಳವೆಗೆ ಒಂದರಂತೆ ಸೇರಿಸುತ್ತಾರೆ. ಕಿರುತಟ್ಟೆಗಳು ಗುಂಪುಗೂಡಿದಂತೆ ದ್ರವ ತಿಳಿಯಾಗಿ ಹೆಚ್ಚು ಬೆಳಕು ಹಾಯುತ್ತದೆ. ಯಂತ್ರ ಅದನ್ನು ರೇಖೆಯಾಗಿ ಬರೆಯುತ್ತದೆ. ಗ್ಲಾನ್ಸ್‌ಮನ್ ರೋಗದಲ್ಲಿ ಎಣಿಕೆ ಸಾಮಾನ್ಯವಾಗಿಯೇ ಇದ್ದರೂ ಎಡಿಪಿ, ಕೊಲಾಜೆನ್‌ಗಳಿಗೆ ರೇಖೆ ಏಳುವುದಿಲ್ಲ. ರಿಸ್ಟೊಸೆಟಿನ್‌ಗೆ ಮಾತ್ರ ಏಳುತ್ತದೆ. ಬರ್ನಾರ್ಡ್-ಸೂಲಿಯೇ ರೋಗದಲ್ಲಿ ಇದು ತಿರುವುಮುರುವು. ದೋಷವು ಇಂಥಲ್ಲಿಯೇ ಇದೆಯೆಂದು ಸೂಚಿಸುವುದರಿಂದ ಈ ವಿಧಾನವನ್ನು ಇಂದಿಗೂ ಮಾನದಂಡವೆಂದು ಎಣಿಸುತ್ತಾರೆ. ಆದರೆ ಇದಕ್ಕೆ ರಕ್ತ ಹೆಚ್ಚು ಬೇಕು, ನುರಿತ ಕೈ ಬೇಕು, ರಕ್ತ ತೆಗೆದ ಸುಮಾರು ನಾಲ್ಕು ಗಂಟೆಯೊಳಗೆ ಕೆಲಸ ಮುಗಿಯಬೇಕು.

ವಿದ್ಯುತ್ ವಿಧಾನ: ಇದರಲ್ಲಿ ರಕ್ತವನ್ನು ಬೇರ್ಪಡಿಸಬೇಕಿಲ್ಲ. ವಿದ್ಯುದ್ವಾರಗಳಿಗೆ ಕಿರುತಟ್ಟೆಗಳು ಮೆತ್ತಿಕೊಂಡಂತೆ ವಿದ್ಯುತ್ತಿಗೆ ಅಡ್ಡಿ ಹೆಚ್ಚುವುದನ್ನು ಅಳೆಯಲಾಗುತ್ತದೆ.

ಪಿಎಫ್‌ಎ-100: ಪ್ರಚೋದಕ ಲೇಪಿಸಿದ ಪೊರೆಯ 150 ಮೈಕ್ರೊಮೀಟರ್ ರಂಧ್ರದ ಮೂಲಕ ರಕ್ತವನ್ನು ಸೆಳೆದು, ರಂಧ್ರ ಮುಚ್ಚಲು ಹಿಡಿಯುವ ಕಾಲವನ್ನು ಅಳೆಯುವ ಯಂತ್ರ. ಕೆಲವೇ ನಿಮಿಷಗಳ ಕೆಲಸ. ದೋಷವಿರಬಹುದೆಂದು ಹೇಳುತ್ತದೆ; ಎಲ್ಲಿಯೆಂದು ಹೇಳದು. ಎಣಿಕೆ ಕಡಿಮೆಯಿದ್ದರೂ, ರಕ್ತಹೀನತೆಯಿದ್ದರೂ ಕಾಲ ದೀರ್ಘವಾಗುತ್ತದೆ.

ಫ್ಲೋ ಸೈಟೊಮೆಟ್ರಿ: ಹೊಳೆಯುವ ಪ್ರತಿಕಾಯಗಳನ್ನು ಅಂಟಿಸಿ, ಕಿರುತಟ್ಟೆಯ ಮೇಲ್ಮೈಯ ಗ್ರಾಹಕಗಳನ್ನು ಗುರುತಿಸುವ ವಿಧಾನ. ಅಲ್ಪ ರಕ್ತ ಸಾಕು. ಎಣಿಕೆ ತೀರ ಕಡಿಮೆಯಿದ್ದರೂ ನಡೆಯುತ್ತದೆ. ಉಪಕರಣ ಮಾತ್ರ ದುಬಾರಿ.

ತರಗತಿ ಚಟುವಟಿಕೆ

ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಹಾಲು ಬೆರೆಸಿ, ಟಾರ್ಚಿನ ಬೆಳಕು ಹಾಯಿಸಿ ನೋಡಲಿ. ಬಳಿಕ ನಿಂಬೆರಸ ಹಿಂಡಿ ಕಲಕಲಿ. ಹಾಲು ಒಡೆದು ಕಣಗಳು ಗುಂಪುಗೂಡಿ ತಳಕ್ಕಿಳಿದಾಗ ಮೇಲಿನ ನೀರಿನಲ್ಲಿ ಬೆಳಕು ಹೆಚ್ಚು ಹಾಯುವುದನ್ನು ಮಕ್ಕಳು ಕಾಣುವರು. ಹೋಲಿಕೆಯ ಮಿತಿಯನ್ನೂ ಶಿಕ್ಷಕರು ತಿಳಿಸಬೇಕು: ಹಾಲು ಒಡೆಯುವುದು ಹುಳಿಯಿಂದ, ಕಿರುತಟ್ಟೆಗಳು ಕೂಡುವುದು ತಮ್ಮ ಗ್ರಾಹಕಗಳು ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಹಿಡಿಯುವುದರಿಂದ.

ಶಿಕ್ಷಕರ ಗಮನಕ್ಕೆ

ಪದೇಪದೇ ಮೂಗಿನಿಂದ ರಕ್ತ ಸೋರುವ ಬಾಲಕ, ಮುಟ್ಟಿನ ದಿನಗಳಲ್ಲಿ ಅತಿಸ್ರಾವದಿಂದ ಶಾಲೆ ತಪ್ಪಿಸುವ ಬಾಲಕಿ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುವ ಮಗು, ಇವರನ್ನು ಮೊದಲು ಗಮನಿಸುವವರು ಬಹುಶಃ ಶಿಕ್ಷಕರೇ. ‘ಎಣಿಕೆ ಸರಿಯಿದೆಯಂತೆ’ ಎಂಬ ಮಾತಿಗೇ ವಿಚಾರ ನಿಲ್ಲಬಾರದು. ರೋಗವನ್ನು ನಿರ್ಣಯಿಸುವುದು ಶಿಕ್ಷಕರ ಕೆಲಸವಲ್ಲ. ಕಂಡದ್ದನ್ನು ತಂದೆತಾಯಿಗಳಿಗೆ ತಿಳಿಸಿ, ವೈದ್ಯರಲ್ಲಿಗೆ ಹೋಗುವಂತೆ ಹೇಳುವುದು ಅವರ ಕೆಲಸ. ಆಸ್ಪಿರಿನ್ ನುಂಗಿದರೆ ಅದರ ಪ್ರಭಾವ ಕಿರುತಟ್ಟೆಯ ಆಯುಸ್ಸು ಮುಗಿಯುವವರೆಗೂ ಉಳಿಯುತ್ತದೆ. ಆದ್ದರಿಂದ ಸೇವಿಸಿದ ಮಾತ್ರೆಗಳೆಲ್ಲವನ್ನೂ ಪರೀಕ್ಷೆಗೆ ಮೊದಲೇ ವೈದ್ಯರಿಗೆ ಹೇಳಬೇಕು. ಗ್ಲಾನ್ಸ್‌ಮನ್ ರೋಗವು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಈ ಮಾತನ್ನು ಯಾವ ಮನೆಯನ್ನೂ ಬೊಟ್ಟುಮಾಡದೆ, ಅನುವಂಶೀಯತೆಯ ಪಾಠದೊಳಗೆ ಹೇಳುವುದು ಲೇಸು.

ಮೌಲ್ಯಮಾಪನ

1. ಕಿರುತಟ್ಟೆಗಳ ಎಣಿಕೆ ಸಾಮಾನ್ಯವಾಗಿದ್ದರೂ ರಕ್ತಸ್ರಾವ ನಿಲ್ಲದಿರಲು ಕಾರಣವೇನು?
2. ಕಿರುತಟ್ಟೆಗಳು ಗುಂಪುಗೂಡಿದಾಗ ಹೆಚ್ಚು ಬೆಳಕು ಹಾಯುವುದೇಕೆ?
3. ಬೆಳಕಿನ ವಿಧಾನ ಮತ್ತು ಪಿಎಫ್‌ಎ-100, ಇವುಗಳಲ್ಲಿ ಬೇಗ ಮುಗಿಯುವುದು ಯಾವುದು? ದೋಷದ ನೆಲೆಯನ್ನು ಸೂಚಿಸುವುದು ಯಾವುದು?
4. ಪರೀಕ್ಷೆಗೆ ಮೊದಲು ಸೇವಿಸಿದ ಔಷಧಗಳನ್ನು ವೈದ್ಯರಿಗೆ ತಿಳಿಸಬೇಕು, ಏಕೆ?