ಓಡುವಾಗ ಪಕ್ಕೆ ಹಿಡಿಯುವುದು ಏಕೆ? ಕಾಲು ಸೆಡೆಯುವುದು ಏಕೆ?



ತಾಲ್ಲೂಕು ಕ್ರೀಡಾಕೂಟಕ್ಕೆ ಇನ್ನು 6 ವಾರ ಇದೆ. 3000 ಮೀಟರ್ ಓಟಕ್ಕೆ ನಾವು 9 ಮಂದಿ ಹೆಸರು ಕೊಟ್ಟಿದ್ದೆವು. ಈಗ ಮೈದಾನಕ್ಕೆ ಬರುತ್ತಿರೋರು 5 ಜನ ಮಾತ್ರ. ಬಿಟ್ಟವರನ್ನು ವಿಚಾರಿಸಿದೆ. ಒಬ್ಬಳಿಗೆ ಪಕ್ಕೆ ಹಿಡೀತಂತೆ. ಒಬ್ಬನಿಗೆ ಮೀನಖಂಡ ಸೆಡೀತಂತೆ. ಉಳಿದಿಬ್ಬರಿಗೆ ಮಾರನೇ ದಿನ ಜಗಲಿ ಮೆಟ್ಟಿಲು ಇಳಿಯೋಕೂ ಆಗಲಿಲ್ಲವಂತೆ. ಮನೆಯಲ್ಲಿ "ಕಾಲು ಹಾಳು ಮಾಡ್ಕೋಬೇಡ, ಸಾಕು ಬಿಡು" ಅಂದರಂತೆ. ನೋವು ಅಂದ ತಕ್ಷಣ ಎಲ್ಲವೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಈ ಮೂರು ನೋವೂ ಬೇರೆ ಬೇರೆ, ಮೂರರಿಂದಲೂ ಕಾಲು ಹಾಳಾಗುವುದಿಲ್ಲ. ನಿಜವಾಗಿ ಓಟ ನಿಲ್ಲಿಸಬೇಕಾದ ನೋವು ನಾಲ್ಕನೆಯದು. ವಿಜ್ಞಾನದ ಮೇಡಂ ಅವರನ್ನು ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪಕ್ಕೆನೋವು. ಪಕ್ಕೆಲುಬಿನ ಕೆಳಗೆ, ಹೆಚ್ಚಾಗಿ ಬಲಗಡೆ, ಚೂರಿ ಆಡಿಸಿದ ಹಾಗೆ ಚುಚ್ಚುತ್ತದೆ. ದೊಡ್ಡವರಿಗಿಂತ ನಮ್ಮ ವಯಸ್ಸಿನವರಿಗೇ ಇದು ಜಾಸ್ತಿ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯು ಇದೆಯಲ್ಲ, ಅದಕ್ಕೆ ರಕ್ತ ಸಾಲದೆ ಹೀಗಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಆದರೆ ಕುದುರೆ ಸವಾರಿ ಮಾಡೋರಿಗೂ ಪಕ್ಕೆ ಹಿಡಿಯುತ್ತದೆ. ಕುದುರೆ ಓಡುತ್ತದೆ, ಸವಾರ ಕೂತಿರುತ್ತಾನೆ, ಅವನಿಗೇನು ನಮ್ಮಷ್ಟು ಏದುಸಿರು ಬರುತ್ತದೆಯೇ? ಹಾಗಾಗಿ ಆ ಕಾರಣ ಪೂರ್ತಿ ಒಪ್ಪುವಂತಿಲ್ಲ. ಹೊಟ್ಟೆಯ ಒಳಗೋಡೆಗೆ ಅಂಟಿದಂತೆ ಒಂದು ತೆಳು ಪೊರೆ ಇದೆ, ಮೈ ಕುಲುಕಿದಾಗ ಅದಕ್ಕೆ ಉಜ್ಜಿ ಕೆರಳುತ್ತದೆ ಎಂಬುದು ಈಚಿನ ವಿವರಣೆ. ವಿಜ್ಞಾನಿಗಳು ಇನ್ನೂ ಚರ್ಚೆ ನಡೆಸುತ್ತಿದ್ದಾರೆ. ಒಂದು ಮಾತು ಮಾತ್ರ ಗಟ್ಟಿ: ಹೊಟ್ಟೆ ತುಂಬಾ ಉಂಡು ಓಡಿದರೆ, ಓಡುವ ಮುಂಚೆ ಸಕ್ಕರೆ ಪಾನಕವನ್ನೋ ಬಾಟ್ಲಿ ಜ್ಯೂಸನ್ನೋ ಗಟಗಟ ಕುಡಿದರೆ ಪಕ್ಕೆ ಹಿಡಿಯೋದು ಹೆಚ್ಚು.

ಇಲ್ಲಿ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಆಟದ ಪಿರಿಯಡ್ಡು ಬಿಸಿಯೂಟ ಮುಗಿದ ಕೂಡಲೇ ಇದೆ. ಅನ್ನ ಸಾಂಬಾರು ಉಂಡ ಅರ್ಧ ಗಂಟೆಗೆ ಓಡಿಸಿದರೆ ಪಕ್ಕೆ ಹಿಡಿಯದೆ ಇನ್ನೇನಾಗುತ್ತದೆ? ಊಟಕ್ಕೂ ಓಟಕ್ಕೂ 2 ಗಂಟೆಯಾದರೂ ಅಂತರ ಬೇಕು. ಆ ಪಿರಿಯಡ್ಡನ್ನು ಕೊನೆಗೆ ಹಾಕಿಕೊಟ್ಟರೆ ಅರ್ಧ ತೊಂದರೆ ತಾನೇ ಹೋಗುತ್ತದೆ.

ಓಟದ ನಡುವೆಯೇ ಹಿಡಿದರೆ ವೇಗ ಕಡಿಮೆ ಮಾಡಿ, ನೋಯುವ ಜಾಗವನ್ನು ಎರಡು ಬೆರಳಿನಿಂದ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ನಾಲ್ಕೈದು ಸಲ ಹೀಗೆ ಮಾಡುವುದರೊಳಗೆ ನನಗೆ ಬಿಟ್ಟುಹೋಗುತ್ತದೆ.

ಎರಡನೆಯದು ಸೆಡೆತ. ಮೀನಖಂಡ ಇದ್ದಕ್ಕಿದ್ದಂತೆ ಕಲ್ಲಾಗಿ ಗಂಟು ಕಟ್ಟುತ್ತದೆ. ಹಿರಿಯರು ನರ ಎಳೀತು ಅನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಸ್ನಾಯುವಿನೊಳಗೆ 'ಬಿಗಿಯಾಗು' ಎಂದು ಸುದ್ದಿ ಕಳಿಸುವ ನರದ ತುದಿಗಳಿವೆ. ಸ್ನಾಯು ಮೂಳೆಗೆ ಸೇರುವ ಹುರಿಯಲ್ಲಿ 'ಸಡಿಲವಾಗು' ಎನ್ನುವ ತುದಿಗಳಿವೆ. ಎರಡೂ ತೂಕವಾಗಿದ್ದರೆ ಕಾಲು ಸುಸೂತ್ರ. ಸ್ನಾಯು ತುಂಬಾ ದಣಿದಾಗ ಮೊದಲನೆಯದರ ಗಲಾಟೆ ಹೆಚ್ಚಾಗಿ ಎರಡನೆಯದರ ದನಿ ಅಡಗುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲಿ ಸೆಡೆಯದ ಕಾಲು ಕೊನೆ ಸುತ್ತಿನಲ್ಲಿ ಸೆಡೆಯುತ್ತದೆ. ದಿನವೂ ನಿಧಾನ ಓಡಿ, ಸ್ಪರ್ಧೆಯ ದಿನ ಮಾತ್ರ ಜೋರಾಗಿ ಓಡಿದವರಿಗೂ ಸೆಡೆಯುತ್ತದೆ.

ಪರಿಹಾರವೂ ಇದರಲ್ಲೇ ಇದೆ. ಕೂತು ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಹಿಡಿದು ಮೆಲ್ಲಗೆ ನಮ್ಮ ಕಡೆಗೆ ಎಳೆದು ಹಾಗೇ ಹಿಡಿದಿರಬೇಕು. ಹುರಿ ಎಳೆಯಲ್ಪಟ್ಟು 'ಸಡಿಲವಾಗು' ಎಂಬ ಸುದ್ದಿ ಹೋಗುತ್ತದೆ, ಗಂಟು ಬಿಡುತ್ತದೆ. ಜಗ್ಗಾಡಬಾರದು. ಗೆಳೆಯನ ಮೇಲೆ ಪ್ರೀತಿಯಿಂದ ಮೀನಖಂಡಕ್ಕೆ ಗುದ್ದಲೂಬಾರದು, ನಮ್ಮಲ್ಲಿ ಕೆಲವರಿಗೆ ಆ ಅಭ್ಯಾಸ ಇದೆ.

ಉಪ್ಪು ಕಡಿಮೆಯಾಗಿಯೇ ಸೆಡೆಯೋದು ಎಂಬ ಮಾತೂ ಇದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಯ ಬಿಸಿಯಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಸೆಡೆತ ಬರುತ್ತಿತ್ತು, ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ಕಡಿಮೆಯಾಯಿತು. ಆದರೆ ನಮ್ಮ ಓಟ ಹೆಚ್ಚೆಂದರೆ 15 ನಿಮಿಷದ್ದು. ಅಷ್ಟರಲ್ಲಿ ಮೈಯ ಉಪ್ಪು ಖಾಲಿಯಾಗುವುದಿಲ್ಲ. ಬಹಳ ದೂರದ ಓಟಗಾರರಲ್ಲಿ ಸೆಡೆದವರ ರಕ್ತವನ್ನೂ ಸೆಡೆಯದವರ ರಕ್ತವನ್ನೂ ಪರೀಕ್ಷಿಸಿದಾಗಲೂ ಉಪ್ಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2010ರಲ್ಲಿ ಅಮೆರಿಕದಲ್ಲಿ ಒಂದು ತಮಾಷೆಯ ಪ್ರಯೋಗ ಪ್ರಕಟವಾಯಿತು. ಸೆಡೆತ ಬಂದವರಿಗೆ ಸೌತೆಕಾಯಿ ಉಪ್ಪಿನಕಾಯಿಯ ಹುಳಿನೀರು ಕುಡಿಸಿದರು. ಸುಮಾರು ಒಂದೂವರೆ ನಿಮಿಷದಲ್ಲಿ ಸೆಡೆತ ಬಿಟ್ಟಿತು. ಅಷ್ಟು ಬೇಗ ಉಪ್ಪು ರಕ್ತಕ್ಕೆ ಸೇರಿ ಕಾಲಿಗೆ ತಲುಪಲು ಸಾಧ್ಯವೇ ಇಲ್ಲ. ಗಂಟಲಿಗೆ ಹುಳಿ ತಾಗಿದ್ದರಿಂದಲೇ ನರಗಳಿಗೆ ಏನೋ ಸುದ್ದಿ ಹೋಗಿರಬೇಕು ಎಂದು ಊಹಿಸಿದರು. (ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಬೇರೆ. ಯಾರೂ ಭರಣಿ ಹೊತ್ತುಕೊಂಡು ಮೈದಾನಕ್ಕೆ ಬರಬೇಡಿ.)

ಹಾಗಂತ ನೀರು ಕುಡಿಯದೆ ಓಡಬೇಕು ಎಂದಲ್ಲ. ನೀರು ಕುಡಿದರೆ ಸುಸ್ತಾಗುತ್ತೆ ಎನ್ನುವ ಸೀನಿಯರ್‌ಗಳ ಮಾತು ಕೇಳಬೇಡಿ. ಬಾಯಾರಿದಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬಿಸಿಲಲ್ಲಿ ಬಹಳ ಹೊತ್ತು ಓಡಿದ ದಿನ ಮನೆಗೆ ಹೋಗಿ ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಒಳ್ಳೆಯದೇ.

ಮೂರನೆಯದು ಮಾರನೇ ದಿನದ ಮೈಕೈ ನೋವು. ಲ್ಯಾಕ್ಟಿಕ್ ಆಮ್ಲ ಕಾಲಲ್ಲಿ ನಿಂತುಬಿಡುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಸ್ನಾಯು ಕೆಲಸ ಮಾಡುವಾಗ ಈ ಆಮ್ಲಕ್ಕೂ ಆಮ್ಲಜನಕಕ್ಕೂ ಇರುವ ಸಂಬಂಧವನ್ನು, ಬಿಸಿ ಹುಟ್ಟುವ ಬಗೆಯನ್ನು ತಿಳಿಸಿದ ಮೇಯರ್‌ಹಾಫ್ ಮತ್ತು ಹಿಲ್ ಅವರಿಗೆ 1922ರ ನೊಬೆಲ್ ಬಹುಮಾನ ಬಂತು. ಆದರೆ ಮಾರನೇ ದಿನದ ನೋವಿಗೆ ಆ ಆಮ್ಲ ಕಾರಣವಲ್ಲ. ಓಟ ನಿಂತ ಸುಮಾರು ಒಂದು ಗಂಟೆಯಲ್ಲಿ ಅದು ಕರಗಿ ಹೋಗಿರುತ್ತದೆ. ನೋವು ಜೋರಾಗುವುದು 1 ರಿಂದ 3 ದಿನದ ನಡುವೆ. ಕಳ್ಳತನ ನಡೆದ ಹೊತ್ತಿಗೆ ಊರಲ್ಲೇ ಇಲ್ಲದವನನ್ನು ಕಳ್ಳ ಅಂದ ಹಾಗಾಯಿತು! ಅಭ್ಯಾಸವಿಲ್ಲದ ಕೆಲಸ ಬಿದ್ದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಹರುಕುಗಳಾಗುತ್ತವೆ, ಮೈ ಅದನ್ನು ರಿಪೇರಿ ಮಾಡುವಾಗ ನೋಯುತ್ತದೆ. ಗುಡ್ಡ ಹತ್ತೋದಕ್ಕಿಂತ ಇಳಿಯುವಾಗ ಓಡಿದರೆ ಹೆಚ್ಚು ನೋಯುತ್ತದೆ. ರಾಗಿ ಕೊಯ್ಲಿನ ಮೊದಲ ದಿನ ಸೊಂಟ ಎತ್ತೋಕಾಗಲ್ಲ, ವಾರ ಕಳೆದರೆ ಏನೂ ಅನಿಸಲ್ಲ. ಕಾಲೂ ಹಾಗೆಯೇ, ರಿಪೇರಿಯಾದ ಮೇಲೆ ಮೊದಲಿಗಿಂತ ಗಟ್ಟಿ. ಆ ಎರಡು ದಿನ ಸುಮ್ಮನೆ ಮಲಗದೆ ಮೆಲ್ಲಗೆ ನಡೆಯಿರಿ, ಬಿಸಿನೀರು ಹಾಕಿಕೊಳ್ಳಿ. ಅಂಗಡಿಯ ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಬೇಡ, ಮೂತ್ರಪಿಂಡಕ್ಕೆ ಕೆಟ್ಟದ್ದು.

ಈಗ ನಾಲ್ಕನೆಯದು. ಇದು ಸ್ನಾಯುವಿನದಲ್ಲ, ಮೂಳೆಯದು. ಕಣಕಾಲಿನ ಮೂಳೆಯ ಮೇಲೆ ಒಂದೇ ಜಾಗ, ಬೆರಳಿಟ್ಟು ತೋರಿಸುವಷ್ಟು ಚಿಕ್ಕದು. ಒತ್ತಿದರೆ ಜೀವ ಹೋಗುತ್ತದೆ. ಓಡಿದಷ್ಟೂ ಹೆಚ್ಚಾಗುತ್ತದೆ, ಆಮೇಲೆ ಸುಮ್ಮನೆ ಮಲಗಿದ್ದರೂ ನೋಯುತ್ತದೆ. ಇದು ಮೂಳೆಯಲ್ಲಿ ಕೂದಲೆಳೆಯಂಥ ಬಿರುಕಿನ ಲಕ್ಷಣ. ನಿನ್ನೆವರೆಗೆ 2 ಸುತ್ತು ಓಡುತ್ತಿದ್ದವರು ಇವತ್ತು ಒಮ್ಮೆಲೇ 10 ಸುತ್ತು, ಅದೂ ಗಟ್ಟಿ ಡಾಂಬರು ರಸ್ತೆಯ ಮೇಲೆ ಶುರು ಮಾಡಿದರೆ ಬರುತ್ತದೆ. ಇದನ್ನು ಹಲ್ಲು ಕಚ್ಚಿ ತಡೆದು ಓಡಬಾರದು, ಯಾರೂ ಓಡಿಸಲೂಬಾರದು. ಎದೆನೋವು, ತಲೆ ತಿರುಗಿ ಬೀಳುವುದು, ಕಾಫಿ ಬಣ್ಣದ ಮೂತ್ರ, ಇವೂ ಹಾಗೆಯೇ. ಅಂದೇ ಡಾಕ್ಟರಿಗೆ ತೋರಿಸಬೇಕು.

ನನ್ನ ಚಿಕ್ಕಪ್ಪನ ಮಗಳು ಬೇರೆ ಊರಿನ ಶಾಲೆಯಲ್ಲಿ ಓದುತ್ತಾಳೆ. ಅವಳಿಗೆ ಹೋದ ವರ್ಷ ಇಂಥ ನೋವು ಬಂದಾಗ "ಮುಲಾಮು ಹಚ್ಚು, ಓಡು" ಅಂದರು. ಓಡಿದಳು, ಎರಡನೇ ಸ್ಥಾನವೂ ಬಂತು. ಮೂರನೇ ದಿನ ಕಾಲೂರಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. 2 ತಿಂಗಳು ಓಟ ಇಲ್ಲ, ಜಿಲ್ಲಾ ಮಟ್ಟವೂ ತಪ್ಪಿತು. ಈಗ ಮತ್ತೆ ಓಡುತ್ತಾಳೆ, ರಸ್ತೆ ಬಿಟ್ಟು ಕೆರೆ ಏರಿಯ ಪಕ್ಕದ ಹುಲ್ಲಿನ ಮೇಲೆ.

ವಿದ್ಯಾರ್ಥಿನಿ, 9ನೇ ತರಗತಿ 'ಬಿ' ವಿಭಾಗ