ರಾಡು ಕೆಟ್ಟಿದೆಯೋ, ಕರೆಂಟು ಇಳಿದಿದೆಯೋ? ಎರಡು ಅಂಕಿಗಳಿಂದ ತಿಳಿಯುವ ಕ್ರಮ

ಚಳಿಗಾಲದ ಮುಂಜಾನೆ ಕಲಬುರಗಿಯ ಕುಸನೂರ ಭಾಗದ ಮನೆಯೊಂದರಲ್ಲಿ, ನಿನ್ನೆ ಮೊನ್ನೆಯವರೆಗೆ ಅರ್ಧ ತಾಸಿನೊಳಗೆ ಒಂದು ಬಕೆಟ್ ನೀರನ್ನು ಕಾಯಿಸುತ್ತಿದ್ದ ಹೀಟರ್ ರಾಡು ಇಂದು ಅಷ್ಟು ಹೊತ್ತು ಕಳೆದರೂ ಕಾಯಿಸದೆ ಹೋದರೆ, ರಾಡೇ ಕೆಟ್ಟಿತೆಂದು ಅಂಗಡಿಗೆ ಧಾವಿಸುವವರುಂಟು, ಕರೆಂಟೇ ಮಂದವಾಯಿತೆಂದು ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಮನ್ನು ದೂರುವವರೂ ಉಂಟು. ಆದರೆ ಈ ವಿವಾದವನ್ನು ಊಹೆಯಿಂದಲ್ಲದೆ ಲೆಕ್ಕದಿಂದ ತೀರ್ಮಾನಿಸುವುದಕ್ಕೆ ವೋಲ್ಟೇಜು ಮತ್ತು ವಿದ್ಯುತ್ಪ್ರವಾಹವೆಂಬ ಎರಡೇ ಅಂಕಿಗಳು ಸಾಕೆಂಬುದನ್ನು ಬಲ್ಲವರು ವಿರಳ.

ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ನಿಯಮದ ಸಾರವಿಷ್ಟು: ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಉಪಕರಣದ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ಅವೇ ಎರಡು ಅಂಕಿಗಳನ್ನು ಪರಸ್ಪರ ಗುಣಿಸಿದರೆ ಅದು ಹೀರುವ ಸಾಮರ್ಥ್ಯವು ವ್ಯಾಟುಗಳಲ್ಲಿ ದೊರೆಯುತ್ತದೆ.

1. ಮೊದಲು ಉಪಕರಣದ ಮೇಲಿನ ಚೀಟಿಯನ್ನು ಓದಿಕೊಳ್ಳಬೇಕು. 230 ವೋಲ್ಟ್, 1000 ವ್ಯಾಟ್ ಎಂದಿದ್ದರೆ, 1000ವನ್ನು 230ರಿಂದ ಭಾಗಿಸಲು ಪ್ರವಾಹ 4.35 ಆಂಪಿಯರ್, 230ನ್ನು 4.35ರಿಂದ ಭಾಗಿಸಲು ರೋಧ ಸುಮಾರು 53 ಓಮ್. ರಾಡು ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಈ 53 ಎಂಬುದೇ ಪ್ರಮಾಣ.

2. ಅನಂತರ ವಾಸ್ತವದ ಅಂಕಿಗಳನ್ನು ಅಳೆಯಬೇಕು. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ, ರಾಡಿನ ಪ್ರವಾಹವನ್ನು ತಾಳಬಲ್ಲ ಮೀಟರು ವೋಲ್ಟೇಜನ್ನೂ ಆಂಪಿಯರನ್ನೂ ಒಟ್ಟಿಗೇ ತೋರಿಸುವುದರಿಂದ ಮನೆಯವರಿಗೆ ಅದೇ ಕ್ಷೇಮಕರ. ಕ್ಲ್ಯಾಂಪ್ ಮೀಟರನ್ನು ಬಳಸುವುದಾದರೆ ಅದರ ಇಕ್ಕುಳವು ಒಂದೇ ತಂತಿಯನ್ನು ಸುತ್ತುವರಿಯಬೇಕು. ಇಡೀ ವೈರನ್ನು ಹಿಡಿದರೆ, ಹೋಗುವ ಮತ್ತು ಮರಳುವ ಪ್ರವಾಹಗಳು ಒಂದನ್ನೊಂದು ರದ್ದುಗೊಳಿಸಿ ಮೀಟರು ಸೊನ್ನೆಯನ್ನು ತೋರಿಸುತ್ತದೆ. ಈ ಕೆಲಸವನ್ನು ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸುವುದು ವಿಹಿತ.

3. ಈಗ ಭಾಗಾಕಾರ. ಮೀಟರಿನಲ್ಲಿ 200 ವೋಲ್ಟ್, 3.78 ಆಂಪಿಯರ್ ಕಂಡವೆನ್ನೋಣ. 200 ಭಾಗಿಸು 3.78, ಉತ್ತರ 52.9 ಓಮ್. ಚೀಟಿಯ ಲೆಕ್ಕಕ್ಕೂ ಇದಕ್ಕೂ ಭೇದವಿಲ್ಲವಾದ್ದರಿಂದ ರಾಡು ನಿರ್ದೋಷಿ.

4. ಬಳಿಕ ಗುಣಾಕಾರ. 200 ಗುಣಿಸು 3.78, ಉತ್ತರ 756 ವ್ಯಾಟ್. ವೋಲ್ಟೇಜು ಇಳಿದದ್ದು ಶೇಕಡ 13ರಷ್ಟು ಮಾತ್ರವಾದರೂ, ಅದರೊಡನೆ ಪ್ರವಾಹವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದರಿಂದ, ಸಾಮರ್ಥ್ಯವು ಹೆಚ್ಚುಕಡಿಮೆ ಕಾಲುಭಾಗ ನಷ್ಟವಾಗಿದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು 1000 ವ್ಯಾಟಿನಲ್ಲಿ 26 ನಿಮಿಷ ಸಾಕಾದರೆ, 756 ವ್ಯಾಟಿನಲ್ಲಿ 35 ನಿಮಿಷ ಬೇಕು. ಬಕೆಟ್ಟಿನಿಂದ ಸೋರಿಹೋಗುವ ಶಾಖ ಇದರ ಮೇಲೆ.

5. ತಾಳೆ ನೋಡುವುದಕ್ಕೆ ಮನೆಯ ಮೀಟರೇ ಇದೆ. ಅದರ ಮುಖದ ಮೇಲೆ ಯೂನಿಟ್ಟೊಂದಕ್ಕೆ ಇಷ್ಟು ಮಿನುಗು ಎಂಬ ಸಂಖ್ಯೆ ಮುದ್ರಿತವಾಗಿರುತ್ತದೆ. 3200 ಎಂದಿದೆಯೆಂದು ಇಟ್ಟುಕೊಳ್ಳಿ. ಫ್ರಿಜ್ಜು, ಫ್ಯಾನು, ದೀಪಗಳನ್ನೆಲ್ಲ ಆರಿಸಿ, ರಾಡನ್ನು ಮಾತ್ರ ಉಳಿಸಿ, ಕೆಂಪು ದೀಪದ ಮಿನುಗನ್ನು ಒಂದು ನಿಮಿಷ ಎಣಿಸಿ. ನಿಮಿಷಕ್ಕೆ 40 ಬಂದರೆ ತಾಸಿಗೆ 2400. ಅದನ್ನು 3200ರಿಂದ ಭಾಗಿಸಲು ಮುಕ್ಕಾಲು ಯೂನಿಟ್, ಅಂದರೆ 750 ವ್ಯಾಟ್. ಗುಣಾಕಾರದಿಂದ ಬಂದ 756ಕ್ಕೆ ಇದು ಸರಿಹೊಂದುತ್ತದೆ.

ಈ ಲೆಕ್ಕ ಎಲ್ಲೆಡೆಯೂ ಹೀಗೆಯೇ ನಡೆಯುವುದೆಂದು ಭಾವಿಸಲಾಗದು. ಬುರುಡೆ ಬಲ್ಬಿನ ತಂತುವು ತಣ್ಣಗಿರುವಾಗ ತೋರುವ ರೋಧವು ಉರಿಯುವಾಗಿನ ರೋಧದ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ ಕೂಲರಿನಲ್ಲಾಗಲಿ, ಕಮಲಾಪುರದ ಕೆಂಪು ಬಾಳೆಯ ತೋಟಗಳಿಗೆ ನೀರೆತ್ತುವ ಪಂಪ್‌ಸೆಟ್ಟಿನಲ್ಲಾಗಲಿ ಇರುವುದು ಮೋಟರು. ಸುರುಳಿಯ ಕಾಂತೀಯ ಗುಣದಿಂದ ಅಲ್ಲಿ ವೋಲ್ಟೇಜು ಮತ್ತು ಪ್ರವಾಹಗಳು ಜೊತೆಜೊತೆಯಾಗಿ ಏರಿಳಿಯವಾದ್ದರಿಂದ, ಭಾಗಲಬ್ಧವು ತಂತಿಯ ರೋಧವೆನಿಸದು, ಗುಣಲಬ್ಧವನ್ನೂ ಪವರ್ ಫ್ಯಾಕ್ಟರಿನಿಂದ ಮತ್ತೊಮ್ಮೆ ಗುಣಿಸಬೇಕು. 230 ವೋಲ್ಟಿನಲ್ಲಿ 0.9 ಆಂಪಿಯರ್ ಎಳೆಯುವ ಕೂಲರಿನ ಪವರ್ ಫ್ಯಾಕ್ಟರ್ 0.85 ಆಗಿದ್ದರೆ, ಅದು ಹೀರುವುದು 207 ವ್ಯಾಟಲ್ಲ, 176 ವ್ಯಾಟ್. ಮೂರು ಫೇಸಿನ ಪಂಪಿಗೆ ಸೂತ್ರವೇ ಬೇರೆ. ವೋಲ್ಟೇಜು ಇಳಿದಾಗ ರಾಡಿನ ಪ್ರವಾಹ ಕುಗ್ಗಿದರೆ, ನೀರೆತ್ತುವ ಹೊರೆ ಹೊತ್ತ ಮೋಟರಿನ ಪ್ರವಾಹ ಹೆಚ್ಚುವುದೇ ಸಾಮಾನ್ಯ. ಕಡಿಮೆ ವೋಲ್ಟೇಜಿನಲ್ಲಿ ಮೋಟರು ಸುಡುವುದಕ್ಕೆ ಇದೇ ಕಾರಣ.

ಇದೇ ಭಾಗಾಕಾರ ನಮ್ಮ ಶರೀರಕ್ಕೂ ಅನ್ವಯಿಸುತ್ತದೆಂಬುದನ್ನು ಮರೆಯಲಾಗದು. ಒದ್ದೆ ಮೈಯ ರೋಧವನ್ನು 1000 ಓಮ್ ಎಂದು ಹಿಡಿದರೆ, 230 ವೋಲ್ಟಿಗೆ ಹರಿಯುವ ಪ್ರವಾಹ 0.23 ಆಂಪಿಯರ್. ಪ್ರಾಣರಕ್ಷಣೆಗೆ ಹಾಕಿಸುವ ಆರ್‌ಸಿಸಿಬಿಯು 0.03 ಆಂಪಿಯರ್ ಸೋರಿದೊಡನೆ ಕರೆಂಟನ್ನು ಕಡಿಯುವಂತೆ ರಚಿತವಾಗಿರುವಾಗ, ಇದು ಅದರ ಏಳು ಪಟ್ಟಿಗೂ ಮಿಗಿಲು. ಆದುದರಿಂದ ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಮುನ್ನ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನೂ ಕಿತ್ತಿಡಬೇಕು.

ಇನ್ನು ದೂರಿನ ವಿಷಯ. ಹಿಂದೆ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಬಳಕೆಯ ವೋಲ್ಟೇಜಿಗೆ ವಿಧಿಸಿದ್ದ ಏರಿಳಿತದ ಮಿತಿ ಶೇಕಡ 6. 230ಕ್ಕೆ ಅದು ಸರಿಸುಮಾರು 216ರಿಂದ 244. ನಿಮ್ಮ ಲೆಕ್ಕದಲ್ಲಿ ರೋಧ ಸರಿಯಾಗಿದ್ದು ವೋಲ್ಟೇಜು ಮಾತ್ರ 216ಕ್ಕಿಂತ ಕೆಳಗಿದ್ದರೆ, ಹೊಸ ರಾಡಿಗೆ ಹಣ ತೆರಬೇಡಿ. ಎರಡೂ ಅಂಕಿಗಳನ್ನು ದಿನಾಂಕ, ವೇಳೆಗಳೊಡನೆ ಬರೆದಿಟ್ಟುಕೊಂಡು ಜೆಸ್ಕಾಮಿನ ಸಹಾಯವಾಣಿ 1912ಕ್ಕೆ ಕರೆಮಾಡಿ ದೂರು ದಾಖಲಿಸಿ.