ಪೇಲ್ ಏಲ್‌ನ ಕಹಿ ಎಲ್ಲಿಂದ ಬಂತು?

ಶಿಗ್ಗಾಂವದಿಂದ ಬೆಂಗಳೂರಿಗೆ ಹೋದ ನಾವು ಮೂವರು ಹೊಸ ಮೈಕ್ರೊಬ್ರೂವರಿಯ ಪೇಲ್ ಏಲ್ ಕುಡಿದು ಮೊದಲು ಅಂದದ್ದು, "ಕೆಟ್ಟೈತೇನಲೇ ಇದು?" (ಸರ್, ವಯಸ್ಸು 21 ದಾಟೇತ್ರಿ!) ಕೆಟ್ಟಿರಲಿಲ್ಲ. ಆ ಕಹಿ ಹಾಪ್ಸ್ ಬಳ್ಳಿಯ ಹೂವಿನದು. ನಮ್ಮ ದೇಶದಾಗ ಹಿಮಾಚಲದ ಲಾಹೌಲ್‌ನಲ್ಲಿ ಬೆಳೀತಾರ.

ಹೂವಿನ ಆಲ್ಫಾ ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮಾಲ್ಟಿನ ರಸದಲ್ಲಿ ಸುಮಾರು 60 ನಿಮಿಷ ಕುದಿಸಿದರೆ ಅಣುವಿನ ರಚನೆ ಬದಲಾಗಿ ಐಸೊ-ಆಲ್ಫಾ ಆಮ್ಲವಾಗುತ್ತದೆ. ಕರಗಿ ಕಹಿ ಕೊಡುವುದು ಅದೇ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಹೆಚ್ಚುಕಡಿಮೆ 1 ಐಬಿಯು. ಅಮೆರಿಕನ್ ಪೇಲ್ ಏಲ್‌ನಲ್ಲಿ ಇದು ಸಾಮಾನ್ಯವಾಗಿ 30ರಿಂದ 50.

ಆದರೆ ಕುದಿತಕ್ಕೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಅದಕ್ಕೇ ಇನ್ನಷ್ಟು ಹಾಪ್ಸ್ ಕೊನೆಗೆ, ಹುದುಗಿದ ಮೇಲೂ ಹಾಕುತ್ತಾರೆ. ಸಾರು ಇಳಿಸಿದ ಮ್ಯಾಲೆ ಅವ್ವ ಕೊತ್ತಂಬರಿ ಹಾಕಿದ್ಹಂಗ. ಎರಡನೇ ಗುಟುಕಿಗೆ ನಮಗೂ ಕಿತ್ತಳೆ ಸಿಪ್ಪೆಯ ವಾಸನೆ ಸಿಕ್ಕಿತು.